ಸತ್ತರು ಅಂತ ಹಾಕು

ಕೆಂಪು ಪೆನ್ನು ಗೀರಿದ ಸದ್ದು, ಯಾವ ಪದಕ್ಕೆ ಕುತ್ತು ಬಂತೋ ಎಂದುಕೊಳ್ಳುವಷ್ಟರಲ್ಲಿ ಪತ್ರಿಕೆಯ ಸಂಪಾದಕರ ಮೇಜಿನಿಂದ ಹಾಳೆ ಅನುವಾದಕಿಯ ಕಡೆಗೇ ಜಾರಿ ಬಂತು, ಆಕ್ರಮಣಕ್ಕೆ ಗೀಟು, ಮೇಲೆ ಮುಂಜಾಗ್ರತಾ ಕ್ರಮ, ಕೊಂದರು ಎಂಬುದಕ್ಕೂ ಗೀಟು, ಸತ್ತರು ಅಂತ ಹಾಕು, ಅಲ್ಲ ಸಾರ್, ಶಾಲೆ ಮೇಲೆ ಬಾಂಬು ಹಾಕಿದಾರೆ, ಹದಿನೇಳು ಮಕ್ಕಳು ತಾವಾಗೇ ಸತ್ತರಾ, ಮೂಲದಲ್ಲೇ ಹಾಗಿದೆ ಕಣಮ್ಮಾ, ನಮಗ್ಯಾಕೆ ಊರ ಉಸಾಬರಿ — ಮೂಲದಲ್ಲಿ ಹಾಗಿಲ್ಲ, ಅವಳು ಮತ್ತೆ ಓದುತ್ತಾಳೆ, ಇಲ್ಲವೇ ಇಲ್ಲ, ಸಂಪಾದಕರಿಗೆ ರಾತ್ರಿ ಹತ್ತೂವರೆಗೆ ಬಂದ ಆ ಫೋನ್ ಯಾರದು, ಬಾಗಿಲು ಹಾಕಿಕೊಂಡು ಯಾಕೆ ಮಾತಾಡಿದರು, ಹೊರಬಂದು ಎಂದೂ ಇಲ್ಲದ್ದು ಊಟ ಆಯ್ತಾ ಎಂದು ಯಾಕೆ ಕೇಳಿದರು? ಹೋದ ತಿಂಗಳು ಬೇರೊಂದು ದೊಡ್ಡ ದೇಶ ಬೇರೊಂದು ಶಾಲೆಯ ಮೇಲೆ ಬಾಂಬು ಹಾಕಿದಾಗ ಇದೇ ಪೆನ್ನು ಅವಳು ಬರೆದ ದಾಳಿ ಎಂಬ ಪದವನ್ನು ಹೊಡೆದು ನರಮೇಧ ಎಂದು ಬರೆದಿತ್ತು, ಧೈರ್ಯವಾಗಿ ಬರಿಯಮ್ಮಾ, ನ್ಯಾಯ ಅನ್ನೋದೊಂದಿದೆ — ಆ ದೇಶ ನಮಗಾಗದು, ಈ ದೇಶ ನಮ್ಮ ನಂಟ, ಅತ್ತೆ ಒಡೆದರೆ ಒಡಕು ಮಡಕೆ, ಸೊಸೆ ಒಡೆದರೆ ಹೊಸ ಮಡಕೆ ಎನ್ನುತ್ತಿದ್ದಳು ಅಮ್ಮ, ಮಡಕೆಯನ್ನು ಯಾರೂ ಕೇಳುವುದಿಲ್ಲ.

ಅವಳ ತಂಗಿ ಬಾಂಬು ಬಿದ್ದ ಆ ಊರಿನ ಆಸ್ಪತ್ರೆಯಲ್ಲೇ ನರ್ಸು, ಬೆಳಿಗ್ಗೆ ಫೋನ್ ಮಾಡಿದ್ದಳು, ಅಕ್ಕಾ ನಾನಿದೀನಿ, ಮಕ್ಕಳ ಶೂ ಬಿಚ್ತಾ ಇದೀನಿ, ಲೇಸು ಬಿಚ್ಚೋಕೇ ಆಗ್ತಿಲ್ಲ, ಅಷ್ಟೇ, ಕರೆ ಕಡಿಯಿತು — ಕಡಿಯಿತೋ ಯಾರಾದರೂ ಕಡಿದರೋ, ನೋಡು, ಇಲ್ಲೂ ಕರ್ತೃ ಇಲ್ಲದ ವಾಕ್ಯ. ತಂಗಿ ಅಲ್ಲಿಲ್ಲದಿದ್ದರೆ ನೀನು ಕೇಳುತ್ತಿದ್ದೆಯಾ ಎಂದು ಅವಳಿಗೆ ತನ್ನ ಮೇಲೇ ಗುಮಾನಿ, ಮೂರು ವರ್ಷದ ಹಿಂದೆ ಇದೇ ನಂಟ ಒಂದು ಸಂತೆಬೀದಿಯನ್ನು ಸುಟ್ಟಾಗ ಸತ್ತರು ಎಂದು ಅವಳೇ ಬರೆದಿದ್ದಳು, ಯಾರೂ ಹೇಳಿರಲಿಲ್ಲ, ಯಾವ ಪೆನ್ನೂ ಗೀರಿರಲಿಲ್ಲ, ಬರೆದು ಟೀ ಕುಡಿದಿದ್ದಳು. ಬೆರಳು ಕೀಲಿಮಣೆಗೆ ಹೋಗುತ್ತದೆ, ಸತ್ತರು ಅಳಿಸುತ್ತದೆ, ಕೊಂದರು, ಯಾರು, ದೇಶದ ಹೆಸರು, ಮೊದಲ ಸಾಲಿಗೇ, ಕೆಲಸ ಹೋದರೆ ಹೋಗಲಿ, ಹೋಗದೆ ಇರುತ್ತದೆಯೇ, ಪುಟ ಮುದ್ರಣಕ್ಕೆ ಹೋಯಿತು — ತಾನಾಗೇ ಹೋಗಲಿಲ್ಲ, ಅವಳೇ ಕಳಿಸಿದಳು. ಸಂಪಾದಕರ ಕುರ್ಚಿ ಹಿಂದಕ್ಕೆ ಸರಿದ ಸದ್ದು, ಏನಮ್ಮಾ ಮಾಡಿದೆ, ಏನ್ ಮಾಡಿದೆ ನೀನು, ಅವಳ ಕಣ್ಣಮುಂದೆ ಆ ಲೇಸು, ಮಗು ಓಡುವಾಗ ಮುಗ್ಗರಿಸದಿರಲಿ ಎಂದು ಯಾರೋ ತಾಯಿ ಬಗ್ಗಿ ಕೂತು ಬಿಗಿದದ್ದು, ಬಿಳಿ ಲೇಸು, ಗಂಟಿನ ಮೇಲೆ ಇನ್ನೊಂದು ಗಂಟು.