ಗಂಗಜ್ಜಿ ಕೇಳಿದ ಒಪ್ಪಿಗೆ

ನೇತ್ರಾ ಅಘನಾಶಿನಿಯಲ್ಲಿ ಆಶಾ ಕಾರ್ಯಕರ್ತೆಯಾಗಿ ಸೇರಿದ ಹೊಸತರಲ್ಲಿ ಊರಿನ ಎಷ್ಟೋ ಹೆರಿಗೆಗಳು ಗಂಗಜ್ಜಿಯ ಕೈಯಲ್ಲೇ ಆಗುತ್ತಿದ್ದವು. ಗಂಗಜ್ಜಿ ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಮಾರುವವಳು. ಯಾರಾದರೂ ಕರೆಯಲು ಬಂದರೆ ಬುಟ್ಟಿಯನ್ನು ದಂಡೆಯ ಮೇಲೆ ಬಿಟ್ಟು, ಕೈಕಾಲು ತೊಳೆದು ಹೊರಡುತ್ತಿದ್ದಳು. ಒಂದು ಕಾಲದಲ್ಲಿ ಸರಕಾರವೇ ಅವಳನ್ನು ಕುಮಟೆಗೆ ಕರೆಸಿ ತರಬೇತಿ ಕೊಟ್ಟು, ಕತ್ತರಿ, ದಾರ, ಸಾಬೂನು ಇದ್ದ ಪೆಟ್ಟಿಗೆಯನ್ನೂ ಕೊಟ್ಟು ಕಳಿಸಿತ್ತು. ಆಮೇಲೆ ಸರಕಾರದ ಮನಸ್ಸು ಬದಲಾಯಿತು. ಎಲ್ಲ ಹೆರಿಗೆಯೂ ಆಸ್ಪತ್ರೆಯಲ್ಲೇ ಆಗಬೇಕು ಎಂದಾಯಿತು.

ಒಂದು ವರ್ಷ ಆರೋಗ್ಯ ಇಲಾಖೆಯ ಸಭೆಯಲ್ಲಿ ಅಧಿಕಾರಿಯೊಬ್ಬರು ನೇತ್ರಾಳನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ, ನಿಮ್ಮೂರಲ್ಲಿ ಮಾತ್ರ ಮೂರು ಮನೆ ಹೆರಿಗೆ ಹೇಗಾದವು ಎಂದು ಕೇಳಿದರು. ಆ ಅವಮಾನ ಹೊತ್ತು ಅವಳು ನೇರ ಗಂಗಜ್ಜಿಯ ಮನೆಗೆ ಹೋದಳು. ಇನ್ನು ಮೇಲೆ ಹೆರಿಗೆಗೆ ಕೈ ಹಚ್ಚಿದರೆ ಪೊಲೀಸರು ಬರುತ್ತಾರೆ, ಕಾನೂನಾಗಿದೆ, ಜೈಲಿಗೆ ಹಾಕುತ್ತಾರೆ ಎಂದಳು. ಹಾಗೆ ಹೇಳು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾನೂನು ಏನೆಂದು ಅವಳಿಗೂ ಗೊತ್ತಿರಲಿಲ್ಲ.

ಗಂಗಜ್ಜಿ ಮರುದಿನದಿಂದ ಕರೆದವರಿಗೆಲ್ಲ ಆಸ್ಪತ್ರೆಗೆ ಹೋಗಿ ಎನ್ನತೊಡಗಿದಳು. ಏಳು ವರ್ಷ ಊರಲ್ಲಿ ಒಂದೂ ಮನೆ ಹೆರಿಗೆ ಆಗಲಿಲ್ಲ. ಸಭೆಯಲ್ಲಿ ನೇತ್ರಾಳ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರು. ತಾಯಂದಿರಿಗೂ ಒಳ್ಳೆಯದೇ ಆಗಿದ್ದರಿಂದ, ಹೇಳಿದ ಸುಳ್ಳನ್ನು ಅವಳು ಮರೆತೇಬಿಟ್ಟಳು.

ಕಳೆದ ಸೆಪ್ಟೆಂಬರಿನಲ್ಲಿ ಮೋಹನನ ಹೆಂಡತಿ ವೀಣಾಳಿಗೆ ಡಾಕ್ಟರು ಹೇಳಿದ ದಿನಕ್ಕಿಂತ ಎರಡು ವಾರ ಮೊದಲೇ ನೋವು ಬಂತು. ಬೆಳಗಿನ ಹನ್ನೊಂದು ಗಂಟೆ. ಮೋಹನ ದೋಣಿಯಲ್ಲಿದ್ದ. ಆಂಬುಲೆನ್ಸ್ ಬೇರೊಬ್ಬ ರೋಗಿಯನ್ನು ಕರೆದುಕೊಂಡು ಹೊನ್ನಾವರದ ಕಡೆ ಹೋಗಿತ್ತು, ಬರಲು ಒಂದು ಗಂಟೆಯಾದರೂ ಬೇಕು ಎಂದರು. ಆಟೋ ಹತ್ತಿಸೋಣವೆಂದರೆ ವೀಣಾಳಿಗೆ ಏಳಲೇ ಆಗಲಿಲ್ಲ. ಅತ್ತೆ ಲಕ್ಕಿ ಓಡಿಹೋಗಿ ಗಂಗಜ್ಜಿಯನ್ನು ಕರೆತಂದಳು.

ಗಂಗಜ್ಜಿ ಬಂದಳು, ಆದರೆ ಬಾಗಿಲಲ್ಲೇ ನಿಂತಳು. ಒಳಗಿನ ನರಳಾಟ ಕೇಳಿಯೇ ಹೊತ್ತಿಲ್ಲ ಎಂದು ಅವಳಿಗೆ ತಿಳಿಯಿತು. ಲಕ್ಕಿಯ ಮೊಬೈಲಿನಿಂದ ನೇತ್ರಾಳಿಗೆ ಫೋನ್ ಮಾಡಿಸಿದಳು.

ನೇತ್ರಾ ಆಗ ಕುಮಟೆಯ ಸಭೆಯಲ್ಲಿದ್ದಳು.

"ತಂಗಿ, ಇವಳಿಗೆ ಈಗಲೇ ಆತದೆ. ನಾ ಕೈ ಹಚ್ಚಲಾ? ನೀ ಹೂಂ ಅಂದ್ರೆ ಹಚ್ತೆ."

ಅಧಿಕಾರಿಗಳು ಎದುರಿಗೇ ಕೂತಿದ್ದರು. ಮನೆಯಲ್ಲೇ ಮಾಡಿಸು ಎಂಬ ಮಾತು ಅವರ ಕಿವಿಗೆ ಬಿದ್ದರೆ ಎಂದು ನೇತ್ರಾ ಹೆದರಿದಳು. ದನಿ ತಗ್ಗಿಸಿ, "ಗಾಡಿ ಬರ್ತದೆ ಗಂಗಜ್ಜಿ, ಸ್ವಲ್ಪ ಕಾಯಿರಿ" ಎಂದು ಫೋನ್ ಇಟ್ಟಳು.

ಗಂಗಜ್ಜಿ ಕಾದಳು. ಒಳಗಿಂದ ಲಕ್ಕಿ ಕೂಗಿಕೊಂಡಾಗ ಜೈಲಾದರೂ ಆಗಲಿ ಎಂದು ನುಗ್ಗಿದಳು. ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಎರಡು ಸುತ್ತು ಬಿಗಿದಿತ್ತು. ಬಿಡಿಸಿದಳು, ಬೆನ್ನು ತಿಕ್ಕಿದಳು, ಬಾಯಿಗೆ ಬಾಯಿಟ್ಟು ಊದಿದಳು. ಗಂಡು ಮಗು. ಅಳಲಿಲ್ಲ. ಆಂಬುಲೆನ್ಸ್ ಬಂದದ್ದು ಆಮೇಲೆ. ವೀಣಾ ಉಳಿದಳು.

ಆ ಬಳಿಕ ನೇತ್ರಾಳಿಗೆ ಊಟ ಸೇರಲಿಲ್ಲ. ಕೊನೆಗೊಂದು ದಿನ ಪರಿಚಯದ ಡಾಕ್ಟರ್ ಸ್ಮೃತಿಯವರ ಬಳಿ ಹೋಗಿ, ಮನೆಯಲ್ಲಿ ಹೆರಿಗೆ ಮಾಡಿಸಿದರೆ ನಿಜಕ್ಕೂ ಜೈಲೇ ಎಂದು ಕೇಳಿದಳು. ಮನೆಯಲ್ಲಿ ಹೆರುವುದೇ ಅಪರಾಧ ಎನ್ನುವ ಕಾನೂನನ್ನು ತಾನು ಎಲ್ಲೂ ಕಂಡಿಲ್ಲ ಎಂದರು ಅವರು. ಸೂಲಗಿತ್ತಿಯರು ಅದನ್ನು ಕಸುಬಾಗಿ ಮಾಡುವುದು ಬೇಡ, ಆಸ್ಪತ್ರೆಗೇ ಬರಲಿ ಎನ್ನುತ್ತೇವೆ, ಅದು ಬೇರೆ; ಮಗು ಹೊರಗೆ ಬರುತ್ತಿರುವಾಗ ಬಲ್ಲವರು ಕೈ ಹಿಡಿಯಬಾರದು ಎಂದು ಯಾರಾದರೂ ಹೇಳುತ್ತಾರೆಯೇ ಎಂದೂ ಕೇಳಿದರು. ಗಂಗಜ್ಜಿ ಮೊದಲೇ ಮುಟ್ಟಿದ್ದರೆ ಮಗು ಬದುಕುತ್ತಿತ್ತೇ ಎಂದು ನೇತ್ರಾ ಕೇಳಿದಳು. ಹೌದು ಎಂದೂ ಹೇಳಲಾರೆ, ಇಲ್ಲ ಎಂದೂ ಹೇಳಲಾರೆ ಎಂದರು ಡಾಕ್ಟರು.

ಬಸ್ಸಿಳಿದವಳೇ ಹೊಳೆಯ ದಂಡೆಗೆ ಹೋಗಿ, ಬಳಚು ತೊಳೆಯುತ್ತಿದ್ದ ಗಂಗಜ್ಜಿಯ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಕಾನೂನು ಇರಲಿಲ್ಲ, ತಾನೇ ಹೆದರಿಸಿದ್ದು ಎಂದಳು. ಗಂಗಜ್ಜಿ ತೊಳೆದ ಬಳಚನ್ನು ಬುಟ್ಟಿಗೆ ಸುರಿದಳು.

"ನನ್ನ ಹತ್ರ ಹೇಳಿದ್ದು ಆತು. ವೀಣನ ಹತ್ರ ಎಂತ ಹೇಳ್ತೆ?"

ನೇತ್ರಾ ಅಂದೇ ಸಂಜೆ ಹೋದಳು. ಒಣಗಿದ ಬಟ್ಟೆ ಮಡಚುತ್ತಿದ್ದ ವೀಣಾ ಕೊನೆಯವರೆಗೂ ಕೇಳಿದಳು. ಉಳಿದ ಎರಡು ಸೀರೆಯನ್ನೂ ಮಡಚಿ, ಎತ್ತಿಕೊಂಡು ಒಳಗೆ ಹೋದಳು. ನೇತ್ರಾ ಜಗುಲಿಯಲ್ಲಿ ಕತ್ತಲಾಗುವವರೆಗೆ ಕಾದಳು. ವೀಣಾ ಮತ್ತೆ ಹೊರಗೆ ಬರಲಿಲ್ಲ.

ಈಗ ವೀಣಾ ಮತ್ತೆ ಬಸುರಿ. ಪಕ್ಕದೂರಿನ ಆಶಾ ಕಾರ್ಯಕರ್ತೆ ದೀಪಿಕಾ ಅವಳನ್ನು ನೋಡಿಕೊಳ್ಳುತ್ತಾಳೆ. ಹೆರಿಗೆಯ ದಿನಕ್ಕಿಂತ ಮೂರು ವಾರ ಮೊದಲೇ ಕುಮಟೆಗೆ ಕರೆದೊಯ್ಯುತ್ತಾರಂತೆ. ನೇತ್ರಾಳಿಗೆ ಇದು ತಿಳಿದದ್ದು ಬೇರೆಯವರಿಂದ.