ಮೇಷ್ಟ್ರ ಅಕ್ಕನ ಹಲ್ಲುನೋವು

ಇದು ನಡೆದದ್ದೇ. ಒಂದೇ ಒಂದು ಮಾತು ಕಟ್ಟಿ ಹೇಳಿದ್ದರೂ ನಾನು ಉಂಡದ್ದು ನನಗೆ ಅರಗದಿರಲಿ.

ಆರು ಜನ ಸೇರಿ ಪೆಟ್ಟಿಗೆಯನ್ನು ವ್ಯಾನಿನೊಳಗೆ ತಳ್ಳುತ್ತಿದ್ದರು. ಪೆಟ್ಟಿಗೆಯಲ್ಲಿದ್ದವರು ಹೊಟ್ಟೆ ಮೇಷ್ಟ್ರು. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯಲ್ಲಿ ಜನರ ಹೊಟ್ಟೆ ಒತ್ತಿ ನೋಡಿದವರು. ಒತ್ತಿ ನೋಡಿ ಯೋಚನೆ ಮಾಡುವುದು ಹೇಗೆಂದು ಎಳೆ ಡಾಕ್ಟರುಗಳಿಗೆ ಕಲಿಸಿದವರು. ಮೊನ್ನೆ ಸಂಜೆ ಕೆಲಸದಿಂದ ಬಂದು ಕುರ್ಚಿಯಲ್ಲಿ ಕೂತವರು ಒಂದು ಷೂ ಬಿಚ್ಚಿ, ಇನ್ನೊಂದನ್ನು ಬಿಚ್ಚದೆ ಹೋಗಿಬಿಟ್ಟಿದ್ದರು. ಊರಿನ ಹೊಟ್ಟೆ ಡಾಕ್ಟರುಗಳೆಲ್ಲ ಮನೆ ಮುಂದೆ ನೆರೆದಿದ್ದರು. ಅವತ್ತು ಯಾರಿಗಾದರೂ ಹೊಟ್ಟೆನೋವು ಬಂದಿದ್ದರೆ, ನಾಳೆ ಬಾ ಅಂತ ಆ ನೋವಿಗೇ ಹೇಳಿ ಕಳಿಸಬೇಕಿತ್ತು.

ಪೆಟ್ಟಿಗೆ ಒಳಗೆ ಹೋಗುವುದಕ್ಕೂ ಮೇಷ್ಟ್ರ ಅಕ್ಕ ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂರುವುದಕ್ಕೂ ಸರಿಹೋಯಿತು.

"ಏನಿಲ್ಲ ಕಣ್ರೋ, ಗ್ಯಾಸು," ಎಂದರು ಅಕ್ಕ. ಎಪ್ಪತ್ತು ದಾಟಿದರೂ ಅವರ ದನಿಗೆ ಮೂರನೇ ಮನೆಯ ಬೆಕ್ಕು ಬೆಚ್ಚುತ್ತಿತ್ತು. ಈಗ ಆ ದನಿ ಗಂಟಲಲ್ಲೇ ಉಳಿದಿತ್ತು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಇಲ್ಲಿ, ಮೇಲ್ಹೊಟ್ಟೇಲಿ ಕಲ್ಲಿಟ್ಟಂಗಿದೆ. ವಾಕರಿಕೆ ಬೇರೆ."

ಹೇಳಿ ಮುಗಿಸುವುದರೊಳಗೆ ಇಪ್ಪತ್ತೆರಡು ಜೇಬುಗಳಿಂದ ಇಪ್ಪತ್ತೆರಡು ಗ್ಯಾಸ್ ಮಾತ್ರೆ ಹೊರಬಂದವು. ಎಲ್ಲರಿಗಿಂತ ಮುಂದೆ ಸ್ಕೋಪ್ ಸಾಹೇಬರು. ವಿಭಾಗದ ಮುಖ್ಯಸ್ಥರು, ಬೀಗದ ತೂತು ಕಂಡರೂ ಅದರೊಳಗೆ ನಳಿಗೆ ತೂರಿಸಿ ನೋಡಬೇಕೆನ್ನುವ ಆಸಾಮಿ.

"ಹುಣ್ಣು. ದುಃಖ, ಉಪವಾಸ, ಎರಡೂ ಸೇರಿದೆ," ಎಂದರು ಸಾಹೇಬರು. "ಇದನ್ನ ಚೀಪಿ ಅಕ್ಕ. ನಾಳೆ ಬನ್ನಿ, ನಳಿಗೆ ಬಿಟ್ಟು ನೋಡೋಣ."

ಜನರ ಹಿಂದೆ, ಮೇಷ್ಟ್ರ ಹೆಂಡತಿಯ ಕೈಚೀಲ ಹಿಡಿದು ನಿಂತಿದ್ದಳು ಪುಕ್ಕಲಿ. ಎರಡನೇ ವರ್ಷದ ಟ್ರೇನಿ. ಫೋನು ರಿಂಗಾದರೂ ಬೆಚ್ಚುತ್ತಾಳೆ ಎಂದು ಇಟ್ಟ ಹೆಸರು. ಈಗ ಅವಳೇ ತನ್ನನ್ನು ಹಾಗೆ ಕರೆದುಕೊಳ್ಳುತ್ತಿದ್ದಳು. ಎಲ್ಲರೂ ಸ್ವೆಟರಿನೊಳಗೆ ಮುದುರಿಕೊಂಡಿದ್ದ ಚಳಿ. ಅಕ್ಕನ ಹಣೆ ಮಾತ್ರ ಒದ್ದೆ. ಮೇಲ್ದುಟಿಯ ಮೇಲೆ ಬೆವರಿನ ಮಣಿಗಳು. ಅದು ಪುಕ್ಕಲಿಯ ಕಣ್ಣಿಗೆ ಬಿತ್ತು. ಯಾರಾದರೂ ನೋಡಿರುತ್ತಾರೆ, ಯಾರಾದರೂ ಹೇಳುತ್ತಾರೆ ಎಂದು ಸುತ್ತ ನೋಡಿದಳು. ಎಲ್ಲರ ಕಣ್ಣೂ ಕೈಯಲ್ಲಿದ್ದ ಮಾತ್ರೆಯ ಮೇಲೇ ಇತ್ತು.

* * *

ಮೇಷ್ಟ್ರದ್ದು ಐದು ಬೆರಳಿನ ಪಾಠ. ರೋಗಿಯ ಮಂಚದ ಪಕ್ಕ ಕೈ ಬಿಚ್ಚಿ ನಿಲ್ಲಬೇಕು. ಬೆರಳಿಗೊಂದು ಕಾಯಿಲೆ ಹೇಳಬೇಕು. ಅದಲ್ಲ ಅನ್ನುವುದಕ್ಕೆ ಕಾರಣ ಕೊಟ್ಟಮೇಲೆಯೇ ಬೆರಳು ಮಡಚಬೇಕು. ಹೆಬ್ಬೆರಳು ಮಾತ್ರ ಬೇರೆ ಜಾತಿ: ಸಂಜೆಯೊಳಗೆ ಕೊಲ್ಲಬಲ್ಲ ಕಾಯಿಲೆ ಅದರ ಪಾಲು. ಅದನ್ನು ಕೊನೆಗೇ ಮಡಚಬೇಕು. ವಾರ್ಡಿನ ರೋಗಿಗಳು ಕೂಡ, "ಡಾಕ್ಟ್ರೇ, ನಂದು ಯಾವ ಬೆರಳು?" ಎಂದು ಕೇಳುತ್ತಿದ್ದರು.

ಎರಡು ತಿಂಗಳ ಹಿಂದೆ ಒಬ್ಬ ಲಾರಿ ಡ್ರೈವರನ ಮುಂದೆ ಪುಕ್ಕಲಿ ಹೆಬ್ಬೆರಳನ್ನೇ ಮೊದಲು ಮಡಚಿದ್ದಳು. ಅವನ ಕರುಳು ತೂತಾಗಿತ್ತು. ಮೂರು ವಾರ ಸಾವಿನ ಜೊತೆ ಹಗ್ಗ ಜಗ್ಗಾಡಿ ಬದುಕಿಕೊಂಡ.

"ಯಾಕಮ್ಮ ಮಡಚಿದೆ?" ಮೇಷ್ಟ್ರು ಮೆಟ್ಟಿಲ ತಿರುವಿನಲ್ಲಿ ನಿಲ್ಲಿಸಿ ಕೇಳಿದ್ದರು.

"ಸಾಹೇಬ್ರು ಹುಣ್ಣು ಅಂತ ಬರೆದಿದ್ರು ಸರ್."

"ಅವರಿಗೆ ಹೆದರಿದೆಯಾ?"

"ಹೂಂ ಸರ್."

"ಹೆದರೋದು ತಪ್ಪಲ್ಲ ಬಿಡು. ನಂಗೂ ದಿನಾ ಮೊಣಕಾಲು ನಡುಗುತ್ತೆ, ಅದಕ್ಕೇ ಮಂಚಕ್ಕೆ ಒರಗಿ ನಿಲ್ಲೋದು. ಆದ್ರೆ ಹೆದರೋದಾದ್ರೆ ಕಾಯಿಲೆಗೆ ಹೆದರು. ಸಾಹೇಬ್ರು ಯಾರನ್ನೂ ಕೊಲ್ಲಲ್ಲ." ನಾಲ್ಕು ಮೆಟ್ಟಿಲು ಇಳಿದು ತಿರುಗಿ ನೋಡಿದರು. "ಬೇಕಂತ ಕೊಲ್ಲಲ್ಲ."

* * *

ಪುಕ್ಕಲಿ ಜನರನ್ನು ಸರಿಸಿ ಅಕ್ಕನ ಮುಂದೆ ಮೊಣಕಾಲೂರಿದಳು. ಹೊಟ್ಟೆ ಒತ್ತಿದಳು. ನಾದಿದ ಹಿಟ್ಟಿನಷ್ಟು ಮೆತ್ತಗಿತ್ತು.

"ನೋಯುತ್ತಾ ಅಜ್ಜಿ?"

"ನೀನು ಒತ್ತಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಹಲ್ಲು ಬೇರೆ ಎಳೀತಿದೆ ಕಣೇ. ಕೆಳಗಿನ ಸಾಲು ಪೂರಾ."

ಪುಕ್ಕಲಿ ಅಕ್ಕನ ಮಡಿಲು ನೋಡಿದಳು. ಕರವಸ್ತ್ರದಲ್ಲಿ ಸುತ್ತಿಟ್ಟ ಎರಡು ಸಾಲು ಹಲ್ಲು ಅಲ್ಲಿ ಹಾಯಾಗಿ ನಗುತ್ತಿದ್ದವು. ವಾಕರಿಕೆ ಬಂತೆಂದು ಅಕ್ಕ ತೆಗೆದಿಟ್ಟಿದ್ದರು. ಬಾಯಲ್ಲಿ ಸ್ವಂತದ್ದು ಒಂದೂ ಇರಲಿಲ್ಲ.

"ಯಾವ ಹಲ್ಲು ಅಜ್ಜಿ?"

ಅಕ್ಕ ದವಡೆ ಮುಟ್ಟಿ ನೋಡಿಕೊಂಡರು. ಮಣಿಕಟ್ಟಿನಲ್ಲಿ ನಾಡಿ ನಿಧಾನಕ್ಕೆ ಬಡಿಯುತ್ತಿತ್ತು, ಪ್ರತಿ ಸಲವೂ ಇನ್ನೊಮ್ಮೆ ಬಡಿಯಲೋ ಬೇಡವೋ ಎಂದು ಯೋಚಿಸುವಂತೆ. ಪುಕ್ಕಲಿಯ ಎದೆ ಮಾತ್ರ ಇಬ್ಬರ ಪಾಲಿನದ್ದೂ ಬಡಿಯಿತು.

"ಸರ್, ಇದು ಹೊಟ್ಟೆ ಅಲ್ಲ. ಹಾರ್ಟು, ಅದರ ನೋವೇ ದವಡೆಗೆ ಹತ್ತಿದೆ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು."

ಸಾಹೇಬರ ಹುಬ್ಬು ಕೂದಲಿನವರೆಗೆ ಏರಿತು. "ಹೆಣದ ಮುಂದೆ ಕ್ಲಾಸ್ ತಗೋಬೇಡ. ಮುಂದಿನ ತಿಂಗಳು ನಿನ್ನ ಪರೀಕ್ಷೆ ಮಾಡೋನು ನಾನೇ. ನೆನಪಿದ್ಯಾ?"

"ಇದೆ ಸರ್. ಅದಕ್ಕೇ ನಡುಗ್ತಿರೋದು." ಅವಳು ಕೈ ಎತ್ತಿದಳು. ನಾಲ್ಕು ಬೆರಳು ಮಡಚಿದ್ದವು, ಹೆಬ್ಬೆರಳೊಂದೇ ನೆಟ್ಟಗಿತ್ತು. "ಹಲ್ಲಿಲ್ಲದ ದವಡೆ ಯಾಕೆ ನೋಯ್ತಿದೆ? ಒಂದೇ ಒಂದು ಕಾರಣ ಹೇಳಿ, ಮಡಚ್ತೀನಿ."

ಸಾಹೇಬರು ಮಾತ್ರೆಯನ್ನು ಮೆಲ್ಲಗೆ ಜೇಬಿಗೆ ಇಳಿಸಿದರು. ಹಿಂದೆಯೇ ಇಪ್ಪತ್ತೊಂದು ಮಾತ್ರೆ ಇಳಿದವು.

ಆಂಬುಲೆನ್ಸಿಗೆ ಫೋನು ಮಾಡಿದರೆ ಮುಕ್ಕಾಲು ಗಂಟೆ ಎಂದರು. ಓಣಿಯ ತುಂಬ ಡಾಕ್ಟರುಗಳ ಕಾರು, ಒಂದಕ್ಕೊಂದು ಮೂತಿ ತಾಗಿಸಿ ನಿಂತಿದ್ದವು. ಹೊರಗೆ ಮುಖ ಮಾಡಿ ತಯಾರಾಗಿದ್ದ ಗಾಡಿ ಒಂದೇ.

"ಅಯ್ಯಯ್ಯೋ, ಬದುಕಿರುವಾಗ್ಲೇ ನಾನು ಅದನ್ನ ಹತ್ತಲ್ಲ!" ಎಂದರು ಅಕ್ಕ.

ಮೇಷ್ಟ್ರ ಹೆಂಡತಿ ಬಂದು ಅವರ ಕಂಕುಳಿಗೆ ಕೈ ಕೊಟ್ಟರು. "ಹತ್ತಿ ಅತ್ತಿಗೆ. ಒಬ್ಬರೇ ಅಲ್ವಲ್ಲ, ನಿಮ್ಮ ತಮ್ಮನೂ ಇದಾರೆ."

ವ್ಯಾನು ಹೋದ ವೇಗಕ್ಕೆ ಮೇಷ್ಟ್ರ ಮೇಲಿನ ಹೂವೆಲ್ಲ ಅಕ್ಕನ ತಲೆಗೆ ಬಂದವು. ದಾರಿಯಲ್ಲಿ ಟ್ರಾಫಿಕ್ ಪೊಲೀಸನೊಬ್ಬ ಹೆಣದ ಗಾಡಿಯೆಂದು ಟೋಪಿ ತೆಗೆದ; ಒಳಗಿಂದ, "ಯಾಕೋ ನಿಂತಿದೀಯ, ದಾರಿ ಬಿಡಿಸೋ!" ಎಂಬ ಹೆಂಗಸಿನ ಕೂಗು ಕೇಳಿ ಆ ಟೋಪಿಯನ್ನು ಅಲ್ಲೇ ಬಿಟ್ಟು ಓಡಿದ. ಕೂಗಿದ್ದು ಅಕ್ಕನಲ್ಲ. ಪುಕ್ಕಲಿ. ಅಕ್ಕ ಕಣ್ಣು ಮುಚ್ಚಿದ್ದರು. ಅವಳ ಎರಡು ಬೆರಳು ಅಕ್ಕನ ನಾಡಿಯ ಮೇಲಿದ್ದವು, ಎಣಿಸುತ್ತ, ತಪ್ಪುತ್ತ, ಮತ್ತೆ ಎಣಿಸುತ್ತ.

ಆಸ್ಪತ್ರೆಯವರು ಎದೆಗೆ ತಂತಿ ಅಂಟಿಸಿದ ಎರಡೇ ನಿಮಿಷಕ್ಕೆ ಅಕ್ಕನ ಸ್ಟ್ರೆಚರು ಓಡುತ್ತ ಒಳಬಾಗಿಲು ದಾಟಿತು. ಮುಚ್ಚಿದ್ದ ರಕ್ತನಾಳ ತೆರೆಯಿತೆಂಬ ಸುದ್ದಿ ಬರಲು ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆ ಪುಕ್ಕಲಿ ಗೋಡೆಗೆ ಒರಗಿಯೇ ನಿಂತಿದ್ದಳು.

ಹೊರಗೆ ಸೆಕ್ಯುರಿಟಿಯವನು ವ್ಯಾನಿನ ತಗಡು ಬಡಿದ. "ಪೇಷೆಂಟನ್ನ ಇಳಿಸಿ ಆಯ್ತಲ್ಲ, ಗಾಡಿ ತೆಗೀರಿ."

"ಇನ್ನೊಬ್ರು ಇದಾರೆ," ಎಂದರು ಮೇಷ್ಟ್ರ ಹೆಂಡತಿ, ಪೆಟ್ಟಿಗೆಯ ಪಕ್ಕ ಕೂತಲ್ಲಿಂದಲೇ. "ಅವರಿಗೇನೂ ಅವಸರ ಇಲ್ಲ."

ಅಷ್ಟರಲ್ಲಿ ಡಾಕ್ಟರುಗಳು ಒಬ್ಬೊಬ್ಬರಾಗಿ ಬಂದರು. ಯಾರೂ ಹೇಳದೆಯೇ ಪೆಟ್ಟಿಗೆಯನ್ನು ಕೆಳಗಿಳಿಸಿ ವಾರ್ಡಿನಲ್ಲಿ ರೋಗಿಯ ಮಂಚದ ಸುತ್ತ ನಿಲ್ಲುವಂತೆ ಅದರ ಎರಡೂ ಬದಿಗೆ ಸಾಲಾಗಿ ನಿಂತರು. ತಲೆಯ ಕಡೆ, ಪ್ರಶ್ನೆ ಕೇಳುವವರು ನಿಲ್ಲುವ ಜಾಗ ಖಾಲಿ ಉಳಿಯಿತು. ಸಾಹೇಬರು ಕೊನೆಗೆ ಬಂದರು. ಆ ಜಾಗವನ್ನು ನೋಡಿದರು. ಆಮೇಲೆ ಸುತ್ತಿ ಬಳಸಿ ಬಂದು, ಕಾಲಿನ ಕಡೆ, ಸುದ್ದಿ ಕೇಳಿ ಹೊರಗೆ ಬಂದಿದ್ದ ಪುಕ್ಕಲಿಯ ಪಕ್ಕ, ಟ್ರೇನಿಗಳ ಸಾಲಿನಲ್ಲಿ ಕೈಕಟ್ಟಿ ನಿಂತರು.

ಸುಳ್ಳು ಅನ್ನಿಸಿತೇ? ಆಗಲಿ. ಇದಕ್ಕಿಂತ ಒಳ್ಳೆಯ ಸುಳ್ಳೊಂದನ್ನು ನೀವು ಹೇಳಿ, ಆಮೇಲೆ ಎದ್ದು ಹೋಗುವಿರಂತೆ. ಚಿಲಕ ಆಗಲೇ ಹಾಕಿದ್ದೇನೆ.