ಇಪ್ಪತ್ತೆರಡು ಕಾಗದ, ಒಂದೇ ಹೆಬ್ಬೆಟ್ಟು

ತಿಳಿದವರ ಮುಂದೆ ಈ ಸಂಗತಿ ಹೇಳಲು ಅಂಜಿಕೆಯಾಗುತ್ತದೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೇಳದೆ ಇರುವುದು ಇನ್ನೂ ದೊಡ್ಡ ತಪ್ಪು ಅನ್ನಿಸಿತು.

ಇದೇ ೧೯೮೬ರ ಮಳೆಗಾಲ ಮುಗಿದಿತ್ತು. ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ಹೆಂಗಸರು ಹಸಿ ಹಂಚಿನ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿ ನಯ ಮಾಡುತ್ತಿದ್ದರು. ವರ್ಷಗಟ್ಟಲೆ ತಿಕ್ಕಿ ಅವರ ಬೆರಳಿನ ಗೆರೆಗಳೇ ಸವೆದಿದ್ದವು. ಒತ್ತಿದರೆ ಕಾಗದದ ಮೇಲೆ ಬರೀ ಮಸಿಯ ಕಲೆ. ಅದಕ್ಕೇ ಪಗಾರದ ದಿನ ಎಲ್ಲರ ಪರವಾಗಿ ಕಸ ಗುಡಿಸುವ ಸಾವಂತ್ರವ್ವ ಹೆಬ್ಬೆಟ್ಟು ಒತ್ತುವುದು ರೂಢಿ.

“ಕಲೆಕ್ಟರ ಬಾಯಾರು ಬಂದ್ರು, ಹಾದಿ ಬಿಡ್ರಿ!” ಎಂದು ಹಿರಿಯಳಾದ ಜೈತುನಬೀ ನಗಿಸುತ್ತಿದ್ದಳು. ಸಾವಂತ್ರವ್ವನಿಗೆ ಒಳಗೊಳಗೇ ಹೆಮ್ಮೆ.

ಒಂದು ಸೋಮವಾರ ಗೇಟು ತೆರೆಯಲಿಲ್ಲ. ಕಾರಕೂನ ಕಿಂಡಿಯಿಂದ ಕಾಗದಗಳ ಕಟ್ಟು ತೋರಿಸಿದ.

“ಹಂಚು ತಿಕ್ಕಾವ್ರೆಲ್ಲಾ ಖುಷಿಲೇ ರಾಜೀನಾಮಿ ಕೊಟ್ಟೀರಿ. ಕಾರ್ಖಾನಿ ಖರ್ಚು ಇಳಿಸಬೇಕಾಗೇತಿ. ಬೇಕಾದ್ರ ಗುತ್ತಿಗಿದಾರನ ಕೈಯಾಗ ಅರ್ಧಾ ಪಗಾರಕ್ಕ ಬರ್ರಿ.”

“ರಾಜೀನಾಮಿ? ಯಾವಾಗ ಕೊಟ್ಟೇವ್ರೀ?”

ಬುತ್ತಿ ಕೊಡಲು ಬಂದಿದ್ದ ಜೈತುನಬೀಯ ಸೊಸೆ ಮಮ್ತಾಜ ಸಂಜೆಶಾಲೆಯಲ್ಲಿ ಅಕ್ಷರ ಕಲಿತವಳು. ಕಿಂಡಿಗೆ ಮುಖವಿಟ್ಟು ಓದಿದಳು. ಹೆಸರು ಬೇರೆ ಬೇರೆ, ಕೆಳಗೆ ಒಂದೇ ಹೆಬ್ಬೆಟ್ಟು.

ಗೇಟಿನ ಮುಂದೆ ಗುಡಿಸುತ್ತಿದ್ದ ಸಾವಂತ್ರವ್ವನ ಕೈಯಿಂದ ಕಸಬರಿಗೆ ಜಾರಿತು. ಹೋದ ವಾರ ಕಾರಕೂನ ‘ಬೋನಸ್ಸಿನ ಕಾಗದ’ ಎಂದು ಒತ್ತಿಸಿಕೊಂಡಿದ್ದ!

“ನನ್ನ ಕೈ ಕಡೀರೆವ್ವಾ. ಖರೇನ ಗೊತ್ತಿರಲಿಲ್ಲ.”

“ಕೈ ಕಡದ್ರ ಸಾಕ್ಷಿ ಎಲ್ಲಿಂದ ತರೂಣು?” ಎಂದಳು ಮಮ್ತಾಜ. “ಸಾವಂತ್ರಕ್ಕಾ, ಲೇಬರ್ ಸಾಹೇಬ್ರ ಮುಂದ ಇವೆಲ್ಲಾ ನಂದ ಹೆಬ್ಬೆಟ್ಟು ಅಂತ ಹೇಳು.”

“ಹೇಳಿದ್ರ ಜೇಲಿಗೆ ಹಾಕ್ತಾರ! ನನ್ನ ಕೆಲಸಾನೂ ಹೋಗ್ತೈತಿ.”

ಜೈತುನಬೀ ಕಸಬರಿಗೆ ಎತ್ತಿ ಅವಳ ಕೈಗೆ ಕೊಟ್ಟಳು.

“ಒತ್ತು ಅಂತ ಕಲಿಸಿದಾವ್ರು ನಾವು. ನಿನ್ನೊಬ್ಬಾಕಿನ್ನ ಹೆಂಗ ಬಿಡೂಣು? ಜೇಲಿಗಾದ್ರೂ ಕೂಡೇ ಹೋಗೂಣು. ಅಲ್ಲೂ ಕಸಾ ಇರ್ತೈತಿ, ಬಾ.”

ಎಲ್ಲರೂ ಗೇಟಿನ ಮುಂದೆ ಕುಳಿತರು. ಸುದ್ದಿ ಬೆಳಗಾವಿಗೆ ಮುಟ್ಟಿತು. ಅಲ್ಲಿಯ ರವಿವಾರ ಪೇಟೆಯ ಹಮಾಲರು, ಕೂಲಿ ಹೋದರೂ ಚಿಂತೆಯಿಲ್ಲ ಎಂದು, ಆ ಕಾರ್ಖಾನೆಯ ಹಂಚು ಲಾರಿಯಿಂದ ಇಳಿಸಲಿಲ್ಲ. ನಾಲ್ಕನೆಯ ದಿನ ಲೇಬರ್ ಆಫೀಸಿನಿಂದ ಕರೆ ಬಂತು.

ಎಲ್ಲ ಕಾಗದದ ಮೇಲೂ ತನ್ನದೇ ಹೆಬ್ಬೆಟ್ಟು ಎಂದು ಸಾವಂತ್ರವ್ವ ಹೇಳಿದಳು. ಬಿಳಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದಳು. ಅವಳ ಹಿಂದೆ ಇಪ್ಪತ್ತೆರಡು ಮಂದಿ ಒಬ್ಬೊಬ್ಬರಾಗಿ ಒತ್ತಿದರು. ಇಪ್ಪತ್ತೆರಡು ಕಪ್ಪು ಕಲೆ.

ಸಾಹೇಬರು ಭೂತಗನ್ನಡಿ ಕೆಳಗಿಟ್ಟರು. “ಇದೇನ್ರಿ, ಯಾರ ಬೆರಳಿಗೂ ಗೆರಿನ ಇಲ್ಲಲ್ಲ?”

“ನಿಮ್ಮ ಮನಿ ಹಂಚಿನ ಮ್ಯಾಲೆ ಅದಾವ್ರೀ ಸಾಹೇಬ್ರ,” ಎಂದಳು ಜೈತುನಬೀ.

ಅವರು ರಾಜೀನಾಮೆಗಳನ್ನು ಆ ಕಲೆಗಳ ಪಕ್ಕಕ್ಕಿಟ್ಟು ನೋಡಿದರು. ವಿಚಾರಣೆ ಮುಗಿಯುವ ತನಕ ಯಾರನ್ನೂ ತೆಗೆಯಕೂಡದೆಂದು ಆದೇಶವಾಯಿತು. ಮುಂದಿನ ಪಗಾರದ ದಿನ ಸಾವಂತ್ರವ್ವ, ಮಮ್ತಾಜ ಕಲಿಸಿದಂತೆ, ತನ್ನ ಹೆಸರನ್ನಷ್ಟೇ ಬರೆದಳು. ಅಕ್ಷರ ಸೊಟ್ಟಗಿದ್ದವು, ಆದರೆ ಅವಳವೇ.

ಅಕ್ಕತಂಗಿಯರೇ, ಓದಿಸಿ ಕೇಳದೆ ಯಾವ ಕಾಗದಕ್ಕೂ ಒತ್ತಬೇಡಿ. ನಿಮ್ಮ ಬೆರಳನ್ನು ಇನ್ನೊಬ್ಬರಿಗೆ ಎರವಲು ಕೊಡಬೇಡಿ. ನಾಲ್ಕು ಅಕ್ಷರ ಕಲಿಯಿರಿ. ಖರ್ಚು ಇಳಿಸುತ್ತೇವೆಂದು ಒಬ್ಬಳನ್ನು ಹೊರಗೆ ಹಾಕಿದರೆ ಎಲ್ಲರೂ ಕೂಡಿ ಹೋಗಿ ಕೇಳಿ.

ಆ ಕಾಗದಗಳನ್ನು ಬರೆಸಿದವರು ಯಾರು? ಗೊತ್ತಿಲ್ಲ. ವಿಚಾರಣೆ ಇನ್ನೂ ನಡೆದಿದೆ. ಕೊನೆಗೆ ಕೆಲಸ ಉಳಿಯುತ್ತದೆಯೋ ಇಲ್ಲವೋ, ಅದೂ ನಮಗೆ ಗೊತ್ತಿಲ್ಲ.